ಎಂಟು ದೈತ್ಯ ಕೂಸುಗಳು

ತೊಂದರೆಗೆಲ್ಲ ಕಾರಣ ಒಂದು ಗೆರೆ. ಅದೂ ಕಣ್ಣಿಗೆ ಕಾಣದ ಬೆಳಕಿನದು.

ಸಂಶೋಧನಾಲಯದಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದ ಹುಡುಗಿ ಐದು ವರ್ಷ ಆ ಗೆರೆಯನ್ನೇ ನಂಬಿ ಕೂತಿದ್ದಳು. ದೂಳಿನ ಮೋಡದಲ್ಲಿ ಮುಸುಕು ಹೊದ್ದ ನಕ್ಷತ್ರಗಳಿಂದ ಹೊರಗೆ ನುಸುಳುವುದು ಇನ್‌ಫ್ರಾರೆಡ್ ಬೆಳಕು ಮಾತ್ರ. ಅದನ್ನು ಕಾಮನಬಿಲ್ಲಿನಂತೆ ಬಿಡಿಸಿ ನಕ್ಷೆಯಲ್ಲಿ ನೋಡಿದಾಗ ಹೈಡ್ರೋಜನ್ನಿನ ಗೆರೆ ಗೋಪುರದಂತೆ ಎದ್ದಿದ್ದರೆ ಒಳಗಿರುವುದು ಈಗಷ್ಟೇ ಹುಟ್ಟಿದ ದೈತ್ಯ ಕೂಸು. ಇಲ್ಲದಿದ್ದರೆ ಸಾಯಲು ಹೊರಟ ಯಾವುದೋ ಮುದಿ ನಕ್ಷತ್ರ. ಗುಬ್ಬಿಗೆ ಎಂಟು ಕೂಸುಗಳು ಸಿಕ್ಕಿದ್ದವು. ಇವತ್ತು ಮೂರು ಗಂಟೆಗೆ ಹೊರಗಿನ ಪರೀಕ್ಷಕರು ಸಹಿ ಹಾಕಿದರೆ ಅವಳು ಡಾಕ್ಟರ್. ಸೋಮವಾರದಿಂದ ಬೇರೆ ಊರಿನ ವೀಕ್ಷಣಾಲಯದಲ್ಲಿ ಕೆಲಸ.

ಬೆಳಿಗ್ಗೆ ಹತ್ತಕ್ಕೆ ಅವಳ ಕಣ್ಣಿಗೆ ಒಂದು ತಪ್ಪು ಬಿತ್ತು. ಭೂಮಿಯ ಗಾಳಿ ಬಳಿದ ಕಲೆ ತೆಗೆಯಲು ಪ್ರತಿ ನಕ್ಷತ್ರದ ಬೆಳಕನ್ನೂ ಪಕ್ಕದ ಸಾಧಾರಣ ನಕ್ಷತ್ರವೊಂದರ ಬೆಳಕಿನಿಂದ ಭಾಗಿಸುತ್ತಾರೆ. ಆ ಪಕ್ಕದ್ದರ ಬೆಳಕಿನಲ್ಲಿ ಹೈಡ್ರೋಜನ್ನಿನ ಗೆರೆಯ ಜಾಗದಲ್ಲೇ ಒಂದು ಹಳ್ಳವಿರುತ್ತದೆ. ಅದನ್ನು ಮೊದಲು ಮುಚ್ಚದೆ ಭಾಗಿಸಿದರೆ ಇಲ್ಲದ ಗೋಪುರ ತಾನಾಗಿ ಏಳುತ್ತದೆ. ಅವಳ ಸಂಶೋಧನೆಯ ಗೈಡ್ ಬರೆದಿದ್ದ ಪ್ರೋಗ್ರಾಮು ಹಳ್ಳ ಮುಚ್ಚುತ್ತಲೇ ಇರಲಿಲ್ಲ! ಗುಬ್ಬಿ ತಾನೇ ಮುಚ್ಚಿ ನೋಡಿದಳು. ಏಳು ಗೋಪುರಗಳು ಗಾಳಿ ಹೋದ ಬಲೂನಿನಂತೆ ಮಕಾಡೆ ಮಲಗಿದವು. ನಿಂತದ್ದು ಒಂದೇ.

“ಅಕ್ಕಾ, ಏಳು ಕೂಸುಗಳು ಮುದುಕರಾಗ್ಬಿಟ್ರು,” ಎಂದಳು ಪಕ್ಕದ ಮೇಜಿನ ಸೀನಿಯರ್‌ಗೆ.

“ಬಾಯ್ಮುಚ್ಕೊಂಡು ಸಹಿ ತಗೊಂಡು ಹೋಗೇ. ನಿನಗ್ಯಾಕೆ ಊರ ಉಸಾಬರಿ?”

ಗೈಡ್ ಅಂತೂ ಉರಿದುಬಿದ್ದರು. “ನೀನು ಅಆಇಈ ತಿದ್ದೋವಾಗ ಬರೆದ ಪ್ರೋಗ್ರಾಮ್ ಕಣಮ್ಮ ಅದು!” ಆಮೇಲೆ ಪರದೆಯನ್ನು ಅರ್ಧ ಗಂಟೆ ದಿಟ್ಟಿಸಿ, ನೆನೆದ ಹಪ್ಪಳದಂತಾದರು. “ಸರಿ, ಹೇಳ್ಬಿಡು. ಹೋದ್ರೆ ನನ್ನ ಮಾನ ತಾನೆ.”

ಗುಬ್ಬಿ ಇಲ್ಲಿ ಗೈಡ್ ಮುಂದೆ ನಿಂತಿದ್ದಾಗ, ಅಲ್ಲಿ ಅಕ್ಕ ಉಪಕಾರವೆಂದು ಅವಳು ತಿದ್ದಿದ ಚಿತ್ರಗಳನ್ನು ಅಳಿಸಿ ಹಳೆಯವನ್ನೇ ಕೂರಿಸಿಬಿಟ್ಟಿದ್ದಳು. ಮೂರು ಗಂಟೆಗೆ ಗೋಡೆಯ ಮೇಲೆ ಎಂಟೂ ಗೋಪುರಗಳು ಮೆರೆದವು.

“ಭೇಷ್! ಎಂಟಕ್ಕೆ ಎಂಟು!” ಪರೀಕ್ಷಕರು ಪೆನ್ನು ತೆಗೆದರು.

ಎದುರಿಗಿದ್ದವರ ಕಣ್ಣು ನೋಡಿ ಮಾತಾಡಲೂ ಹೆದರುವ ಗುಬ್ಬಿ ಕಿರುಚಿಯೇಬಿಟ್ಟಳು: “ಸುಳ್ಳು ಸರ್! ಇದರಲ್ಲಿ ಏಳು ಸುಳ್ಳು!”

ಹಳ್ಳದ ಕತೆಯನ್ನೆಲ್ಲ ತೊದಲುತ್ತ ಹೇಳಿ ಮುಗಿಸಿದಾಗ ಪರೀಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಎಂಥ ಪ್ರಾಮಾಣಿಕತೆ! ಇದಕ್ಕೇ ಕೊಡ್ಬೇಕು ಪದವಿ.” ಮತ್ತೆ ಕೂತು ಕಾಗದದ ಮೇಲೆ ಪೆನ್ನಿಟ್ಟರು. “ಅಂದ ಹಾಗೆ, ಯಾವ ಪ್ರೋಗ್ರಾಮು?”

“ನಿಮಗೂ ಕೊಟ್ಟಿದ್ದೆನಲ್ಲ ಸರ್,” ಎಂದರು ಗೈಡ್, “ಅದೇ.”

ಕಾಗದದ ಮೇಲಿಟ್ಟ ಪೆನ್ನು ಅಲ್ಲೇ ನಿಂತಿತು. ಪರೀಕ್ಷಕರು ಹೆಸರು ಮಾಡಿದ್ದೇ ಆ ಪ್ರೋಗ್ರಾಮು ಹೆಕ್ಕಿಕೊಟ್ಟ ನಲವತ್ತಮೂರು ಎಳೆಯ ನಕ್ಷತ್ರಗಳ ಪಟ್ಟಿಯಿಂದ.

“ಅವಸರದ ಕೆಲಸ,” ಎಂದು ಕೆಮ್ಮಿ ಪೆನ್ನಿಗೆ ಮುಚ್ಚಳ ಹಾಕಿದರು. “ಇನ್ನೆರಡು ವರ್ಷ ಪರಿಶೀಲಿಸಲಿ.”

ಎಲ್ಲರೂ ಹೋದ ಮೇಲೆ ಕಾರಿಡಾರಿನಲ್ಲಿ ಪರೀಕ್ಷಕರು ಗುಬ್ಬಿಯ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು:

“ಆ ಉಳಿದದ್ದು ಒಂದಿದೆಯಲ್ಲಮ್ಮ, ಅದನ್ನ ನನಗೆ ಕಳಿಸ್ಕೊಡು. ನನ್ನ ಪಟ್ಟೀಲಿ ಒಂದಾದ್ರೂ ನಿಜದ್ದು ಇರಲಿ.”