ಅತ್ತೆಯ ‘ಅಯ್ಯೋ ಪಾಪ’

ಬೇರೆಯವರ ಮನೆಗೆ ಊರಿಂದ ಅತ್ತೆ ಬಂದರೆ ಸಾರಿನ ಪುಡಿ ಬರುತ್ತೆ, ಉಪ್ಪಿನಕಾಯಿ ಬರುತ್ತೆ. ನಮ್ಮನೆಗೆ ಅದರ ಜೊತೆ ಒಂದಿಷ್ಟು ಭಯಾನೂ ಬರುತ್ತೆ. ನಗುವಂಥದ್ದೇ, ಆದರೆ ನಗು ಬರೋದು ಆಮೇಲೆ. ತೊಂಬತ್ತರ ದಶಕದಲ್ಲಿ ನಾವು ಹೊರದೇಶದಲ್ಲಿ, ಶ್ಯಾಂಟಿಲಿ ಅನ್ನೋ ಊರಲ್ಲಿದ್ದಾಗ ಆದದ್ದು ಹೇಳ್ತೀನಿ, ಕೇಳಿ.

೧. ಕಂದಕದವರು

ಮೈಸೂರಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಭಾನುವಾರ ಸಂಜೆ ಟಿವಿಯಲ್ಲಿ ಬರುತ್ತಿದ್ದ ಯುದ್ಧದ ಧಾರಾವಾಹಿ ಬಿಡುತ್ತಿರಲಿಲ್ಲ. ಯುರೋಪಿನ ಮೊದಲನೇ ಮಹಾಯುದ್ಧದ ಕಥೆ. ಕೆಸರು, ಕಂದಕ, ಹೊಗೆ, ಅದರೊಳಗೆ ಕೂತ ಸಿಪಾಯಿಗಳು.

ಅವತ್ತು ಸಿಪಾಯಿಗಳು ಟೀ ಕುಡಿಯುತ್ತಾ ಹಾಯಾಗಿ ಹರಟುತ್ತಿದ್ದರು. ಒಂದು ಗುಂಡಿನ ಸದ್ದೂ ಇಲ್ಲ. ಹುರಳಿಕಾಯಿ ನಾರು ತೆಗೀತಿದ್ದ ಅತ್ತೆ ತಲೆ ಎತ್ತಿ, ಕೆಂಚು ಮೀಸೆಯ ಒಬ್ಬನನ್ನು ನೋಡಿ, ಮೆಲ್ಲಗೆ “ಅಯ್ಯೋ ಪಾಪ” ಅಂದರು. ಹತ್ತು ನಿಮಿಷಕ್ಕೆ ಅವನು ಸತ್ತ.

ಮುಂದಿನ ವಾರ ಎರಡು ಸಲ ಅಂದರು. ಇಬ್ಬರು ಸತ್ತರು. ಮೂರನೇ ವಾರ ನಾನು ಟಿವಿ ನೋಡಲೇ ಇಲ್ಲ, ಅತ್ತೆ ಮುಖಾನೇ ನೋಡ್ತಾ ಕೂತೆ. ನಮ್ಮವರು “ಎಲ್ಲ ಕಾಕತಾಳೀಯ” ಅಂತ ನಕ್ಕರು. ನಕ್ಕವರು ಅವರಮ್ಮನ ಪಕ್ಕದಿಂದ ಎದ್ದು ಮೂಲೆ ಕುರ್ಚಿಗೆ ಹೋದರು.

೨. ಡಾಕ್ಟ್ರ ಪರೀಕ್ಷೆ

ಹಿಂದಿನ ಬೀದಿಯ ಡಾಕ್ಟರ್ ಅಂಕಲ್ ಧಾರವಾಡದವರು. ಇಂಥದ್ದನ್ನೆಲ್ಲ ನಂಬೋರಲ್ಲ. ಇನ್ನೊಂದು ಚಾನೆಲ್‌ನಲ್ಲಿ ಅದೇ ಕಂತು ಎರಡು ದಿನ ಮೊದಲೇ ಬರುತ್ತಿತ್ತು. ಅಂಕಲ್ ಅದನ್ನ ರೆಕಾರ್ಡ್ ಮಾಡಿ, ಯಾರು ಸಾಯ್ತಾರೆ ಅಂತ ತಿಳ್ಕೊಂಡು, ಭಾನುವಾರ ನಮ್ಮ ಸೋಫಾದಲ್ಲಿ ಬಂದು ಕೂತರು.

ಅತ್ತೆ ಒಬ್ಬ ಕ್ಯಾಪ್ಟನ್ನನ್ನು ನೋಡಿ “ಅಯ್ಯೋ ಪಾಪ” ಅಂದರು. ಅಂಕಲ್ ತೊಡೆ ತಟ್ಟಿ, “ಅಂವ ಸಾಯಂಗಿಲ್ಲ ಬಿಡ್ರಿ, ನಾ ಪೂರ್ತಿ ನೋಡೇನಿ” ಅಂದರು. ಕೊನೇ ಎರಡು ನಿಮಿಷದಲ್ಲಿ ಕ್ಯಾಪ್ಟನ್ ಸತ್ತ. ಅಂಕಲ್ ಮನೆಯ ಟೇಪು ಅಷ್ಟರೊಳಗೇ ಮುಗಿದುಹೋಗಿತ್ತಂತೆ.

ಮುಖ ಸಣ್ಣದಾಗಿ, ಮಾತು ಬದಲಿಸೋಕೆ ಅಂಕಲ್ ಪರ್ಸ್ ತೆಗೆದು, ಕಾಲೇಜು ಸೇರಿದ ಮಗಳ ಫೋಟೋ ತೋರಿಸಿದರು. ಅತ್ತೆ ಫೋಟೋ ನೋಡಲಿಲ್ಲ. ಅಂಕಲ್ ಮುಖ ನೋಡಿ, ಅದೇ ದನಿಯಲ್ಲಿ, “ಅಯ್ಯೋ ಪಾಪ” ಅಂದರು. ಅಂಕಲ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಮಾರನೇ ದಿನ ತಮ್ಮದೇ ಆಸ್ಪತ್ರೆಯಲ್ಲಿ ಪೇಷಂಟ್ ಥರ ಮಲಗಿ ಇಸಿಜಿ ಮಾಡಿಸ್ಕೊಂಡರಂತೆ. ಗುಂಡುಕಲ್ಲಿನ ಹಾಗಿದ್ದರು.

೩. ಅಕ್ಕಿ ಡಬ್ಬ

ಅಷ್ಟರಲ್ಲಿ ನಮ್ಮವರ ಪ್ರಾಜೆಕ್ಟ್ ಮುಗೀತು. ಬೇರೆ ಕೆಲಸ ಸಿಗದಿದ್ದರೆ ವೀಸಾ ಇಲ್ಲ, ಗಂಟುಮೂಟೆ ಕಟ್ಟಬೇಕು. ಪ್ಲೇನಲ್ಲಿ ಹೋಗಬೇಕಾದ ಅಲ್ಫರೆಟಾ ಅನ್ನೋ ಊರಲ್ಲಿ ಒಂದೇ ಒಂದು ಇಂಟರ್‌ವ್ಯೂ ಸಿಕ್ಕಿತ್ತು. ಹೊರಡೋ ಹಿಂದಿನ ಸಂಜೆ ಬ್ಯಾಗ್ ಪ್ಯಾಕ್ ಮಾಡಿ, ಪರ್ಸಿಂದ ನಮ್ಮ ಮಗಳ ಫೋಟೋ ತೆಗೆದು, ಒಂದು ಗಳಿಗೆ ನೋಡಿ, ಒಳಗಿಟ್ಟರು.

ಹಿಂದಿನಿಂದ ಮೆಲ್ಲಗೆ ಕೇಳಿಸಿತು. “ಅಯ್ಯೋ ಪಾಪ.”

ನಾನು ಓಡಿಹೋಗಿ ಬ್ಯಾಗ್ ಹಿಡ್ಕೊಂಡೆ. ಹೋಗಬೇಡಿ ಅಂತ ಗೋಗರೆದೆ. ಅಮ್ಮನ ಮಾತು ಕಟ್ಕೊಂಡು ಇರೋ ಒಂದು ಇಂಟರ್‌ವ್ಯೂ ಬಿಡಲಾ ಅಂತ ನಮ್ಮವರು ರೇಗಿ, ಬೆಳಿಗ್ಗೆ ಟ್ಯಾಕ್ಸಿ ಹತ್ತಿಯೇಬಿಟ್ಟರು. ಅತ್ತೆ ಮಾತ್ರ ಏನೂ ಆಗದವರ ಹಾಗೆ ಅಕ್ಕಿ ಆರಿಸ್ತಾ ಕೂತಿದ್ದರು. ಅದು ಇನ್ನೂ ಹೆದರಿಕೆ ಹುಟ್ಟಿಸಿತು.

ಒಂದೂವರೆ ಗಂಟೆ ಕಳೆದ ಮೇಲೆ ಫೋನ್ ಹೊಡ್ಕೊಂಡಿತು. ಎತ್ತೋಕೆ ಧೈರ್ಯ ಸಾಲದೆ ನಾಲ್ಕು ಸಲ ಹೊಡೆಯೋಕೆ ಬಿಟ್ಟೆ.

“ಪರ್ಸಲ್ಲಿ ನನ್ನ ಲೈಸೆನ್ಸೇ ಇಲ್ಲ ಕಣೇ. ಗುರುತು ತೋರಿಸದೆ ಪ್ಲೇನ್ ಹತ್ತೋಕೆ ಬಿಡಲಿಲ್ಲ,” ನಮ್ಮವರ ದನಿ.

ದೇವರೇ, ಬದುಕಿದ್ದಾರೆ ಅಂತ ಗೊಳೋ ಅಂತ ಅತ್ತುಬಿಟ್ಟೆ. ಅವರು ಇಂಟರ್‌ವ್ಯೂ ಹೋಯ್ತಲ್ಲ ಅಂತ ಅಳ್ತಿದ್ದೀನಿ ಅಂದ್ಕೊಂಡು ಸಮಾಧಾನ ಮಾಡಿದರು.

ಮನೆಗೆ ಬಂದು ಹುಡುಕಾಡ್ತಿದ್ದರೆ ಅತ್ತೆ ಎದ್ದು ಅಕ್ಕಿ ಡಬ್ಬದೊಳಗೆ ಕೈ ಹಾಕಿದರು. ಮಗಳ ಫೋಟೋ ಬಂತು, ನಮ್ಮ ಮದುವೆ ಫೋಟೋ ಬಂತು, ಲೈಸೆನ್ಸೂ ಬಂತು.

“ಇದನ್ನ ಯಾಕಮ್ಮಾ ತೆಗೆದೆ?”

“ಅದರಲ್ಲೂ ಫೋಟೋ ಇತ್ತಲ್ಲೋ. ಇಷ್ಟು ವಾರ ನೋಡಿದ್ದೀರ, ಅಷ್ಟೂ ಗೊತ್ತಾಗಲಿಲ್ವಾ? ಯಾವನು ಜೇಬಿಂದ ಮನೆಯವರ ಫೋಟೋ ತೆಗೆದು ನೋಡ್ತಾನೋ, ಅವನು ಉಳಿಯಲ್ಲ.”

ಕೂತು ಯೋಚಿಸಿದರೆ ಹೌದು, ಕೆಂಚು ಮೀಸೆಯವನೂ ತೆಗೆದಿದ್ದ, ಕ್ಯಾಪ್ಟನ್ನೂ ತೆಗೆದಿದ್ದ. ನಾವು ಅವರ ಇಂಗ್ಲಿಷ್ ಕೇಳ್ತಾ ಕೂತಿದ್ದೆವು, ಅತ್ತೆ ಅವರ ಕೈ ನೋಡ್ತಾ ಕೂತಿದ್ದರು. ನಮ್ಮವರು ಅಲ್ಫರೆಟಾಕ್ಕೆ ಫೋನ್ ಮಾಡಿ ಲೈಸೆನ್ಸ್ ಕಳೆದುಹೋಗಿತ್ತು ಅಂದರು. ಅಕ್ಕಿ ಡಬ್ಬದ ವಿಷಯ ಹೇಳಲಿಲ್ಲ. ಕಂಪನಿಯವರು ಫೋನಿನಲ್ಲೇ ಇಂಟರ್‌ವ್ಯೂ ಮಾಡಿ ಕೆಲಸ ಕೊಟ್ಟರು. ಪ್ರಾಣ, ಕೆಲಸ ಎರಡೂ ತಾನೇ ಉಳಿಸಿದ್ದು ಅಂತ ಅತ್ತೆಗೆ ಇವತ್ತಿಗೂ ನಂಬಿಕೆ.

೪. ಏರ್‌ಪೋರ್ಟಿನಲ್ಲಿ

ಅತ್ತೆ ಊರಿಗೆ ಹೊರಟ ದಿನ ನನಗೇ ಸಂಕಟ ತಡೆಯೋಕೆ ಆಗಲಿಲ್ಲ. ಆರು ತಿಂಗಳು ನನ್ನನ್ನು ಹೆದರಿಸಿದ್ದರೂ ಮನೆ ತುಂಬಿತ್ತು. ಮೊಮ್ಮಗಳನ್ನ ಅಪ್ಪಿಕೊಂಡು ಬಿಡಲಾರದೆ ಬಿಟ್ಟರು. ಪ್ಲೇನಲ್ಲಿ ನೋಡ್ಕೊಳ್ಳಲಿ ಅಂತ ನಾವೆಲ್ಲ ನಿಂತು ತೆಗೆಸಿದ್ದ ಫೋಟೋ ಬ್ಯಾಗಿಂದ ತೆಗೆದು ಅವರ ಕೈಗೆ ಚಾಚಿದೆ.

ಅತ್ತೆ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

“ನಾನು ಇನ್ನೊಂದು ಸಲ ಬರಬೇಕು ಕಣೇ. ಪೋಸ್ಟಲ್ಲಿ ಕಳಿಸು.”