ಮುಂದಿನ ಸಾಲಿಗೆ ಆದ್ಯತೆ

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಹೋಳಿಗಿ ಊಟ ಅಂತ ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿಲ್ಲ ಅನ್ನುವವರು ಬ್ಯಾಡಗಿ ತಾಲೂಕಿನ ಈ ಖರೇ ಕತೆ ಕೇಳಿ, ಆಮೇಲೆ ಬೇಕಾದರೆ ಹಿರಿಯರನ್ನೇ ತಿದ್ದಲಿ.

ಕದರಮಂಡಲಗಿ ಆಚೆಯ ಆ ಹಳ್ಳಿಯ ಸರ್ಕಾರಿ ಸಾಲಿಗೆ, ಅಂದರೆ ಶಾಲೆಗೆ, ಎರಡು ಕಟ್ಟಡ. ರಸ್ತೆಗೆ ಮುಖ ಮಾಡಿದ್ದು ಮುಂದಿನ ಸಾಲಿ, ಸುಣ್ಣ ಬಣ್ಣ ಬಳಿದುಕೊಂಡ ಮದುಮಗ. ಅದರ ಬೆನ್ನಿಗಿದ್ದದ್ದು ಹಿಂದಿನ ಸಾಲಿ, ಹಲ್ಲುದುರಿದ ಮುದುಕ. ಅಲ್ಲಿ ಮಾಳಿಗೆಯ ಗಚ್ಚು ಉದುರತೊಡಗಿದರೆ ಮೂರನೇ ಇಯತ್ತೆಯ ಮಕ್ಕಳು ಪಾಟಿಯನ್ನು ತಲೆಯ ಮೇಲೆ ಹಿಡಿದುಕೊಂಡೇ ಮಗ್ಗಿ ಹೇಳುತ್ತಿದ್ದರು.

ಕಟ್ಟಡದ ಅನುದಾನಕ್ಕೆ ಸರ್ಕಾರದ ಆದ್ಯತೆಯೇನೋ ನೆಟ್ಟಗಿತ್ತು: ಬೀಳುವ ಶಾಲೆಗೆ ಮೊದಲು, ನಿಂತ ಶಾಲೆಗೆ ಕಡೆಗೆ. ಆದರೆ ನೋಡಲು ಬರುವ ಇಂಜಿನಿಯರು ಪ್ರತಿ ಸಲ ಮುಂದಿನ ಸಾಲಿಯಲ್ಲೇ ಹಾರ ಹಾಕಿಸಿಕೊಂಡು, ಮಿರ್ಚಿ ಮಂಡಕ್ಕಿ ಮುಗಿಸಿ, "ಸಾಲಿ ಗಟ್ಟಿಮುಟ್ಟ ಐತಿ ಬಿಡ್ರಿ" ಎಂದು ಜೀಪು ಹತ್ತುತ್ತಿದ್ದರು.

ಎರಡು ಸಾವಿರದ ಐದರ ಏಪ್ರಿಲ್ ಒಂದು. ಆ ಸಾಲಿಯ ಮಾಸ್ತರ ಕೊಟ್ರೇಶ ಪ್ರಶ್ನೆಪತ್ರಿಕೆ ತರಲು ಬ್ಯಾಡಗಿಗೆ ಹೋಗಿದ್ದ. ಯಾರ ದನಿಯನ್ನಾದರೂ ಕದಿಯಬಲ್ಲ ಕಳ್ಳ ಅವನು. ಮೆಣಸಿನಕಾಯಿ ಘಾಟು ಮೂಗಿಗೆ ಹತ್ತಿದಂತಿದ್ದ ಇಂಜಿನಿಯರ ದನಿ ತೆಗೆದರೆ ಇಂಜಿನಿಯರ ಹೆಂಡತಿಯೂ ಇವನಿಗೇ ಚಹಾ ಸೋಸಬೇಕು, ಹಾಗೆ! ಬಸ್ ಸ್ಟ್ಯಾಂಡಿನ ಕಾಯಿನ್ ಫೋನು ಕಂಡದ್ದೇ ನಾಲಿಗೆ ತುರಿಸಿತು. ಸಾಲಿಯ ಎದುರಿನ ಚಾಂದಸಾಬನ ಕಿರಾಣಿ ಅಂಗಡಿಗೆ ಫೋನು ಹಚ್ಚಿದ.

"ಹಲೋ, ಇಂಜಿನಿಯರು ಮಾತಾಡೂದು. ಹೆಡ್ ಮಾಸ್ತರಿಗೆ ಹೇಳ್ರಿ, ಮಧ್ಯಾಹ್ನ ಬರ್ತೇನಿ. ಆದ್ಯತೆ ಮಾತ್ರ ಮುಂದಿನ ಸಾಲಿಗೆ!"

ಸರ್ಕಾರದ ಭಾಷೆಯಲ್ಲಿ ಸಾಲು ಅಂದರೆ ವರ್ಷ. ಮುಂದಿನ ಸಾಲಿಗೆ ಅಂದರೆ ಮುಂದಿನ ವರ್ಷಕ್ಕೆ, ಅಂದರೆ ಈಗ ಚಿಪ್ಪು. ಹೆಡ್ ಮಾಸ್ತರ ನಿಜಲಿಂಗಪ್ಪನವರ ಮುಖ ಸಪ್ಪಗಾಗುತ್ತದೆ, ತಾನು ಹೋಗಿ 'ಏಪ್ರಿಲ್ ಫೂಲ್' ಅನ್ನುವುದು. ಇಷ್ಟೇ ಕೊಟ್ರೇಶನ ಲೆಕ್ಕ. ಆದರೆ ಚಾಂದಸಾಬನ ಕಿವಿಗೆ ಸಾಲಿ ಅಂದರೆ ಮಕ್ಕಳು ಓದುವ ಸಾಲಿ. ತಕ್ಕಡಿಯಲ್ಲಿದ್ದ ಬೆಲ್ಲ ಅಲ್ಲೇ ಬಿಟ್ಟು ಓಡಿದ.

ಕೊಟ್ರೇಶ ಬಸ್ಸಿಳಿಯುವಾಗ ಸಾಲಿಯ ಹಿಂದೆ ಹಾರೆಗಳ ಸಪ್ಪಳ. ಹಿತ್ತಲ ಕಡೆಯ ಕಂಪೌಂಡ್ ಗ್ವಾಡಿ ಅರ್ಧ ನೆಲಕ್ಕೆ! ಶಾಲಾ ಸಮಿತಿಯ ಅಧ್ಯಕ್ಷೆ ಫಕ್ಕೀರವ್ವ ಸೆರಗು ಕಟ್ಟಿ ನಿಂತಿದ್ದಳು.

"ಏನ ಯವ್ವಾ ಇದು?"

"ರೊಕ್ಕ ಮುಂದಿನ ಸಾಲಿಗಂತ್ರಿ ಮಾಸ್ತರ! ಗಟ್ಟಿ ಇದ್ದದ್ದಕ್ಕ ಕೊಟ್ಟು ಬೀಳೂದನ್ನ ಬಿಡ್ತಾರಂತ. ನಾವು ಬಿಡ್ತೇವೇನು? ಇವತ್ತಿಂದ ಹಿಂದಿಂದ ಮುಂದ, ಮುಂದಿಂದ ಹಿಂದ!"

ಕಿತ್ತ ಗೇಟು ಊರವರ ಹೆಗಲೇರಿ ಮದುವೆಯ ಮಂಚದಂತೆ ಹಿತ್ತಲಿಗೆ ಬರುತ್ತಿತ್ತು. ನಿಜಲಿಂಗಪ್ಪನವರು ಏಣಿ ಹತ್ತಿ ಆ ಹಲ್ಲುದುರಿದ ಮುದುಕನ ಹಣೆಗೆ ಶಾಲೆಯ ಬೋರ್ಡು ಬಡಿಯುತ್ತಿದ್ದರು.

ಕೊಟ್ರೇಶ ಏಣಿಯ ಬುಡಕ್ಕೆ ಓಡಿದ. ಸರ್ಕಾರಿ ಗ್ವಾಡಿ ಒಡೆಸಿದವನಿಗೆ ಸಸ್ಪೆಂಡು ಗ್ಯಾರಂಟಿ. "ಸರ್, ಸಾಹೇಬ್ರು ಬರೂದಿಲ್ಲೇನೋ..."

"ಯಾಕ ಬರೂದಿಲ್ಲ? ಊಟಕ್ಕ ಏನ ಮಾಡಸೂದಂತ ನಾನ ಅವರ ಆಫೀಸಿಗೆ ತಿರುಗಿ ಫೋನ್ ಹಚ್ಚಿದ್ನಲೋ. 'ಬರ್ತೇನಂದಿದ್ನೇನು? ಮರತ ಬಿಟ್ಟಿದ್ದೆ, ಈಗ ಹೊಂಟೆ' ಅಂದ್ರು. ನೀ ಮೊದಲ ಏಣಿ ಹಿಡಿ!"

ಕೊಟ್ರೇಶ ಏಣಿ ಹಿಡಿದ, ಕಣ್ಣು ಮಾತ್ರ ರಸ್ತೆಯ ಮೇಲಿತ್ತು. ಅಷ್ಟರಲ್ಲಿ ಜೀಪು ಬಂದೇ ಬಿಟ್ಟಿತು. ಹಳೆಯ ಜಾಗದಲ್ಲಿ ಗೇಟಿನ ಬದಲು ಮುಳ್ಳುಬೇಲಿ ಕಂಡು, ಓಣಿ ಸುತ್ತಿ, ಹೊಸ ಗೇಟಿನಿಂದ ಒಳಹೊಕ್ಕಿತು. ಇಂಜಿನಿಯರಿಗೆ ಮೊಟ್ಟಮೊದಲ ಸಲ ಹಿಂದಿನ ಸಾಲಿಯಲ್ಲಿ ಕುರ್ಚಿ. ಹಾರ ಬಿತ್ತು. ತಾಟು ಬಂತು. ಅವರು ಮಿರ್ಚಿಗೆ ಕೈ ಹಾಕಿದರು, ಮಾಳಿಗೆ ಅವರ ತಾಟಿಗೇ ಕೈ ಹಾಕಿತು! ಮುದ್ದೆಯಷ್ಟು ಗಚ್ಚು ಧೊಪ್ಪನೆ ಮಂಡಕ್ಕಿಯಲ್ಲಿ ಬಿದ್ದಾಗ ಸಾಹೇಬರು ಟೇಬಲ್ಲಿನ ಕೆಳಗಿದ್ದರು.

"ಅಯ್ಯಯ್ಯೋ, ಇಷ್ಟ ವರ್ಷ ಇದನ್ನೆಲ್ಲಿ ಮುಚ್ಚಿಟ್ಟಿದ್ರಿ?"

"ನಿಮ್ಮ ಬೆನ್ನ ಹಿಂದ ಇತ್ರೀ ಯಪ್ಪಾ," ಎಂದಳು ಫಕ್ಕೀರವ್ವ.

ಸಾಹೇಬರು ತಲೆಯ ಸುಣ್ಣ ಝಾಡಿಸುತ್ತ ಎದ್ದರು. "ಬೀಳೂದರಾಗ ಇದ ಮೊದಲನೇದು! ಎರಡು ಹೊಸ ಖೋಲಿ, ಈ ಸಾಲಿಗೇ. ಇವತ್ತ ಹಾವೇರಿಗೆ ಬರದು ಮಂಜೂರ ಮಾಡಸ್ತೇನಿ. ಗ್ವಾಡಿ ಒಡದದ್ದೂ ಚಲೋ ಆತು, ಕಲ್ಲಿನ ಗಾಡಿ ಬರಾಕ ದಾರಿ ಆತು."

ಈ ವರ್ಷಕ್ಕೆ ಅಂದರೂ ಸೈ, ಈ ಶಾಲೆಗೆ ಅಂದರೂ ಸೈ! ಊರು ಹೋ ಎಂದು ಕುಣಿಯಿತು. ಮಕ್ಕಳು ಪಾಟಿಯನ್ನೇ ಹಲಗೆಯಂತೆ ಬಾರಿಸಿದರು. ಚಾಂದಸಾಬ ಪೆಪ್ಪರ್‌ಮಿಂಟಿನ ಬರಣಿಯನ್ನೇ ಬೋರಲು ಹಾಕಿದ. ನೌಕರಿ ಉಳಿದ ಖುಷಿಯಲ್ಲಿ ಕೊಟ್ರೇಶನ ಬಾಯಿ ನಿಲ್ಲಲಿಲ್ಲ. ನಿಜಲಿಂಗಪ್ಪನವರ ಕಿವಿಯಲ್ಲಿ ಅದೇ ಘಾಟಿನ ದನಿ ತೆಗೆದ: "ಹಲೋ, ಇಂಜಿನಿಯರು ಮಾತಾಡೂದು... ಏಪ್ರಿಲ್ ಫೂಲ್ ರೀ ಸರ್! ಸಾಲು ಅಂದ್ರ ವರ್ಷ, ನೀವು ಸಾಲಿ ಅಂತ ತಿಳದು ಗ್ವಾಡಿ ಕೆಡವಿದ್ರಿ!"

ಹೆಡ್ ಮಾಸ್ತರರು ಕೆಡವಿದ ಗ್ವಾಡಿಯ ಕಡೆ ಒಮ್ಮೆ ನೋಡಿದರು. ಅತ್ತ ಸಾಹೇಬರು ಕೇಳುತ್ತಿದ್ದರು: "ಈ ಮಾಳಿಗಿ ಕೆಳಗ ಇನ್ನ ಒಂದು ಕೂಸೂ ಕುಂದ್ರಬಾರದು. ಹೊಸ ಖೋಲಿ ಏಳೂತನಕ ಮೂರನೇ ಇಯತ್ತೆ ಎಲ್ಲಿ ನಡಸ್ತೀರಿ?"

ನಿಜಲಿಂಗಪ್ಪನವರು ಮೆಲ್ಲಗೆ ಕೊಟ್ರೇಶನ ಕಡೆ ತಿರುಗಿದರು. "ಚಿಂತೀ ಬ್ಯಾಡ್ರಿ ಸಾಹೇಬ್ರ. ಕೊಟ್ರೇಶ ಮಾಸ್ತರ ಮನ್ಯಾಗ ಭಾರಿ ದೊಡ್ಡದೊಂದು ಐತಿ."

"ಏ... ಏನ್ರಿ ಸರ್?" ಕೊಟ್ರೇಶನ ಬಾಯಿಂದ ಬಂದದ್ದು ಇಲಿಯ ದನಿ.

"ಪಡಸಾಲಿ! ಸಾಲು ವರ್ಷ ಆಗೂದಾದ್ರ, ಪಡಸಾಲಿ ಸಾಲಿ ಆಗೂದಿಲ್ಲೇನೋ?"

ಮಕ್ಕಳು ಆಗಲೇ ಚೀಲ ಎತ್ತಿಕೊಂಡು ಕೊಟ್ರೇಶನ ಮನೆಯತ್ತ ಓಡಿದ್ದರು. ಓಣಿಯ ಆ ತುದಿಯಿಂದ ಅವನ ಹೆಂಡತಿ ನಿರ್ಮಲಾಳ ಕೂಗು ಕೇಳಿತು: "ರೀ! ಇವೆಲ್ಲಾ ಯಾರ ಮಕ್ಕಳ್ರೀ?"

ಊರಿಗೆ ಊರೇ ನಕ್ಕಿತು. ಆದರೆ ನಿಜಲಿಂಗಪ್ಪನವರ ನಗುವಿನ ಎದುರು ಯಾರದೂ ಕೇಳಿಸಲಿಲ್ಲ.