ಸಮುದ್ರಕ್ಕೆ ಬಿದ್ದ ಅತ್ತಿಯ ಡಬ್ಬಿ

ನಾನು ಎಲ್ಲಿಗೆ ಹೋದರೂ ಇಂಥದ್ದೊಂದು ಆಗಿಯೇ ಆಗುತ್ತದೆ. ಮನೆಯಲ್ಲಿ ಕೂತರೆ ಆಗಲಿಕ್ಕಿಲ್ಲ. ಆದರೆ ಮನೆಯಲ್ಲಿ ಕೂಡುವುದೇ ನನ್ನಿಂದ ಆಗದ ಕೆಲಸ. ಶಿಗ್ಗಾವಿಯ ನನ್ನ ಮನೆಯ ಕಪಾಟಿನಲ್ಲಿ ದುಂಡನೆಯ ಸ್ಟೀಲ್ ಡಬ್ಬಿಯೊಂದಿದೆ. ತಿರುಗಿದ ಊರುಗಳ ಬಸ್ ಟಿಕೀಟು, ನಕಾಶೆ, ವಾಪಸು ಕೊಡುವುದು ಮರೆತ ಹೋಟೆಲುಗಳ ಎರಡು ಕೀಲಿಕೈ ಎಲ್ಲ ಅದರೊಳಗೆ ಬಿದ್ದಿವೆ. ಹೋದ ವರ್ಷ ಬ್ರಿಟನಿಯ ಟಿಕೀಟೂ ಸೇರಿದವು. ಬ್ರಿಟನಿ ಅಂದರೆ ಫ್ರಾನ್ಸಿನ ಪಶ್ಚಿಮದ ಸಮುದ್ರದಂಡೆ. ಆ ಸಲ ಜೊತೆಗೆ ಅಕ್ಕ ಇದ್ದಳು. ಹಿರೇಬೆಂಡಿಗೇರಿಯ ಒಕ್ಕಲುತನದ ಮನೆಗೆ ಕೊಟ್ಟವಳು, ಅಲ್ಲಿಯವರೆಗೆ ಅವಳ ಪರದೇಶವೆಂದರೆ ಹುಬ್ಬಳ್ಳಿ.

೧. ಎಡಗೈ

ಅಕ್ಕನನ್ನು ಕಳಿಸಲು ಅವಳ ಅತ್ತಿ ಒಪ್ಪಿದ್ದೇ ದೊಡ್ಡದು. ಎಂಬತ್ತು ದಾಟಿದ ಮುದುಕಿ. ದಾರಿಯ ಕುರುಕಲು ತಿನಿಸಿಗೆಂದು ಸವಣೂರಿನ ಖಾರ ತರಿಸಿ, ತನ್ನ ಸ್ವಂತ ಡಬ್ಬಿಯಲ್ಲಿ ತುಂಬಿಕೊಟ್ಟಳು. ಹಾನಗಲ್ಲಿನ ತವರಿನವರು ಕೊಟ್ಟ ಜೋಡಿ ಡಬ್ಬಿಗಳಲ್ಲಿ ಅದೊಂದು. ತಳದಲ್ಲಿ ಅವಳ ಹೆಸರು ಕೊರೆಸಿದೆ. ಮುಚ್ಚಳ ಎಷ್ಟು ಬಿಗಿಯೆಂದರೆ ಒಳಗಿನ ಖಾರ ತಿಂಗಳಾದರೂ ಮೆತ್ತಗಾಗುವುದಿಲ್ಲ.

"ಸೊಸಿ ನಾಕು ದಿನ ತಡಾ ಆದರ ನಡೀತೈತಿ," ಅಂದಳು ನನಗೆ. "ಡಬ್ಬಿ ಮಾತ್ರ ಹೋದಂಗ ಬರಬೇಕು ನೋಡವಾ."

ಅಕ್ಕ ಅದನ್ನು ಕೈಚೀಲದಿಂದ ಇಳಿಸಲೇ ಇಲ್ಲ. ವಿಮಾನ ನಿಲ್ದಾಣದ ತಪಾಸಣೆಯವನು ಡಬ್ಬಿ ತೆಗೆಯಲು ನೋಡಿದ, ಬರಲಿಲ್ಲ. ಇನ್ನೊಬ್ಬನನ್ನು ಕರೆದ. ಒಬ್ಬ ಡಬ್ಬಿ ಹಿಡಿದು, ಒಬ್ಬ ಮುಚ್ಚಳ ಹಿಡಿದು ಜಗ್ಗಿದರು. ಹಿಂದೆ ಸಾಲು ಬೆಳೆಯಿತು. ಮೂರನೆಯವನು ಬರುವಾಗ ಅಕ್ಕನಿಗೆ ತಡೆಯಲಾಗಲಿಲ್ಲ.

"ಕೊಡ್ರಿ ಇಲ್ಲೆ," ಎಂದು ಇಸಿದುಕೊಂಡು ತಳಕ್ಕೆ ಒಂದು ಬಡಿದಳು. ಮುಚ್ಚಳ ತಾನಾಗಿ ಎದ್ದು ಬಂತು. "ಎಡಗೈಲೆ ಬಡೀಬೇಕ್ರಿ. ಬಲಗೈಗೆ ಅದು ಬಗ್ಗಂಗಿಲ್ಲ."

ನಂತರ ನಮ್ಮ ಉಳಿದ ಚೀಲ ಯಾರೂ ಮುಟ್ಟಲಿಲ್ಲ.

೨. ಸಾವಿರಾರು ಕಲ್ಲು

ಬ್ರಿಟನಿ ಒಂದು ಕಾಲಕ್ಕೆ ಸ್ವತಂತ್ರ ರಾಜ್ಯ. ಅದರ ರಾಣಿ ಫ್ರಾನ್ಸಿನ ರಾಜನನ್ನು ಮದುವೆಯಾದ ಮೇಲೆ ರಾಜ್ಯವೂ ನಿಧಾನಕ್ಕೆ ಅವಳ ಹಿಂದೆಯೇ ಹೋಯಿತು. ಇದನ್ನು ಹೇಳಿದಾಗ ಅಕ್ಕ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಆಮೇಲೆ, "ಅಪ್ಪ ನನಗ ಎರಡು ಕೊಡ ಕೊಟ್ಟಿದ್ದ," ಅಂದಳು.

ಅಲ್ಲಿ ಕಾರ್ನಾಕ್ ಎಂಬ ಊರಿನ ಬಯಲಲ್ಲಿ ಸಾವಿರಾರು ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಸಾವಿರಾರು ವರ್ಷ ಹಳೆಯವು. ದಾರಿ ತೋರಿಸುವವನು ತಾಸುಗಟ್ಟಲೆ ವಿವರಿಸಿದ: ಸೂರ್ಯನ ಪೂಜೆಗೆಂದು ಕೆಲವರು, ಸತ್ತವರ ನೆನಪಿಗೆಂದು ಕೆಲವರು, ನಿಜವಾಗಿ ಯಾಕೆ ನೆಟ್ಟರೋ ಇಂದಿಗೂ ಯಾರಿಗೂ ಗೊತ್ತಿಲ್ಲ.

ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ಸಾಲಿನ ಈ ತುದಿಯಿಂದ ಆ ತುದಿ ನೋಡಿದಳು.

"ಗೊತ್ತಾಗದಿರಾಕ ಏನೈತಿ? ಬಾಂದಗಲ್ಲು ಇವು. ಅಣ್ಣತಮ್ಮಂದಿರು ಹೊಲ ಪಾಲು ಮಾಡಕೊಂಡಾರ."

"ಇಷ್ಟು ಕಲ್ಲಾ?"

"ಪಾಲು ಒಬ್ಬರಿಗೂ ಒಪ್ಪಿಲ್ಲ. ದಿನಾ ಕಿತ್ತು ದಿನಾ ನೆಟ್ಟಾರ."

ಅವನು ಏನೆಂದು ಕೇಳಿದ. ನನ್ನ ಹರಕು ಫ್ರೆಂಚಿನಲ್ಲಿ ಹೇಳಿದೆ. ಅವನು ನಗಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ನನಗೂ ಒಬ್ಬ ತಮ್ಮನಿದ್ದಾನೆ," ಅಂದ. "ನಿಮ್ಮಕ್ಕ ಹೇಳಿದ್ದೇ ಸರಿ ಇರಬೇಕು."

೩. ಖಾಲಿ ತಾಟು

ಸೇಂಟ್ ಮಾಲೋ ಎಂಬ ಕೋಟೆಯೂರಿನಲ್ಲಿ ನಾವು ಇಳಿದದ್ದು ಒಬ್ಬ ವಯಸ್ಸಾದ ವಿಧವೆಯ ಮನೆಯಲ್ಲಿ. ಮೊದಲ ದಿನ ಅವಳು ತಾಟಿನಲ್ಲಿ ಬೆಣ್ಣೆಯ ಕೇಕು ತಂದುಕೊಟ್ಟಳು. ತಿಂದು, ತೊಳೆದು, ಕೊಟ್ಟುಬರಲು ಹೊರಟೆ.

"ಖಾಲಿ ತಾಟ ಕೊಡತೀಯೇನ?" ಅಕ್ಕ ಹೌಹಾರಿದಳು. ಎರಡು ಮುಷ್ಟಿ ಖಾರ ಸುರುವಿದಳು.

ಮರುದಿನ ತಾಟಿನಲ್ಲಿ ದೋಸೆಯಂಥ ಹಾಳೆಗಳು ಬಂದವು. ಖಾರ ಹೋಯಿತು. ಬಿಸ್ಕೀಟು ಬಂತು. ಖಾರ ಹೋಯಿತು. ಐದನೆಯ ದಿನ ಮನೆಯೊಡತಿ ನನ್ನನ್ನು ಮೆಟ್ಟಿಲ ಹತ್ತಿರ ತಡೆದಳು. ಕಣ್ಣು ಕೆಂಪು, ಮೂಗು ಕೆಂಪು.

"ನಿನ್ನ ಅಕ್ಕ ಯಾವಾಗ ನಿಲ್ಲಿಸುತ್ತಾಳೆ?"

"ನೀವು ನಿಲ್ಲಿಸಿದಾಗ."

"ನಾನು ಹೇಗೆ ನಿಲ್ಲಿಸಲಿ? ಖಾಲಿ ತಾಟು ಕಳಿಸಿದರೆ ನಮ್ಮವ್ವ ಗೋರಿಯಿಂದ ಎದ್ದು ಬರುತ್ತಾಳೆ!"

೪. ಮಳೆಗಾಲವಿಲ್ಲದೆ ಬಂದ ನೀರು

ಸೇಂಟ್ ಮಾಲೋ ಹಿಂದೆ ಕಡಲುಗಳ್ಳರ ಊರು. ಬರೇ ಕಳ್ಳರಲ್ಲ, ವೈರಿಗಳ ಹಡಗು ದೋಚಲು ರಾಜನೇ ಪರವಾನಗಿ ಬರೆದುಕೊಡುತ್ತಿದ್ದ. "ಕಾಗದಪತ್ರ ಸರಿ ಇಟ್ಟಕೊಂಡು ಕಳವು ಮಾಡೋರು ನಮ್ಮ ಕಡೆನೂ ಅದಾರ ಬಿಡು," ಅಂದಳು ಅಕ್ಕ.

ಊರ ಎದುರಿಗೇ ಸಣ್ಣ ನಡುಗಡ್ಡೆ. ಸಮುದ್ರ ಇಳಿದಾಗ ಅಲ್ಲಿಗೆ ಕಲ್ಲುಹಾಸಿನ ಮೇಲೆ ನಡೆದೇ ಹೋಗಬಹುದು. ಹೋದೆವು. ಅಕ್ಕ ಭಾರವೆಂದು ಡಬ್ಬಿಯನ್ನು ಕೆಳಗಿನ ಬಂಡೆಯ ಮೇಲಿಟ್ಟು ಮೇಲೆ ಹತ್ತಿದಳು.

"ನೀರು ಏರತೈತಂತ ಫಲಕ ಹಾಕ್ಯಾರ," ಅಂದೆ.

"ಹಿರೇಕೆರೂರಿನ ಕೆರಿ ನೋಡಿಲ್ಲೇನ? ಸರಿದ ನೀರು ತಿರುಗಿ ಬರಾಕ ಮಳಿಗಾಲ ಆಗಬೇಕು."

ನಾನು ನಾಲ್ಕು ಖಂಡ ತಿರುಗಿದವಳು, ಒಂದು ಕ್ಷಣ ನನಗೂ ಅದು ಸರಿಯೆನಿಸಿತು. ಕೆರೆಯ ಸೀಮೆಯಲ್ಲಿ ಹುಟ್ಟಿದ್ದರ ಫಲ. ಮೇಲೆ ಕೂತು ಕಾಲು ಚಾಚಿ ಮಾತಿಗೆ ಬಿದ್ದೆವು. ತಿರುಗಿ ನೋಡಿದರೆ ಕಲ್ಲುಹಾಸು ಇಲ್ಲ. ಬಂಡೆಯೂ ಇಲ್ಲ. ಡಬ್ಬಿ ತೇಲುತ್ತ ಇಂಗ್ಲೆಂಡಿನ ದಿಕ್ಕಿಗೆ ಹೊರಟಿತ್ತು.

"ಅಯ್ಯ, ನಮ್ಮ ಅತ್ತೀ!" ಎಂದು ಚೀರಿದಳು ಅಕ್ಕ, ಮುದುಕಿಯೇ ಅದರೊಳಗೆ ಕೂತಿದ್ದಾಳೆಂಬಂತೆ.

"ಅಕ್ಕ, ನಾವು ಹೆಂಗ ಹೋಗೋದು, ಅದನ್ನ ಹೇಳು."

"ನಾವು ಮನಶ್ಯಾರು, ಹೆಂಗರ ಹೋಗತೇವಿ. ಡಬ್ಬಿಗೆ ಕೈಕಾಲು ಅದಾವೇನ?"

ಆರು ತಾಸು ಕೂತೆವು. ಅಕ್ಕ ಡಬ್ಬಿ ಹೋದ ದಿಕ್ಕಿನಿಂದ ಕಣ್ಣು ಕೀಳಲಿಲ್ಲ. "ಮನಿಯೊಳಗ ನನ್ನ ನಂಬಿ ಕೊಟ್ಟಿದ್ದ ಮೊದಲನೇ ಸಾಮಾನು ಅದು," ಎಂದಳು ಕಡೆಗೆ, ತಗ್ಗಿದ ದನಿಯಲ್ಲಿ. ಮೂವತ್ತು ವರ್ಷ ಸಂಸಾರ ಮಾಡಿದವಳು.

ನೀರು ಇಳಿಯುವಾಗ ಮನೆಯೊಡತಿ ಬೂಟು ಕೈಯಲ್ಲಿ ಹಿಡಿದು ನಮ್ಮನ್ನು ಹುಡುಕಿಕೊಂಡು ಬಂದಳು. ಸಂಗತಿ ಹೇಳಿದೆ. ಅವಳು ನಡೆಯಿರಿ ಎಂದು ದಂಡೆಯುದ್ದಕ್ಕೂ ನೆಟ್ಟ ಮರದ ಕಂಬಗಳ ಕಡೆ ಹೊರಟಳು. "ನನ್ನ ಗಂಡನ ಟೋಪಿ ಹಾರಿದಾಗಲೆಲ್ಲ ಸಮುದ್ರ ಅದನ್ನು ಇಲ್ಲೇ ತಂದು ಹಾಕುತ್ತಿತ್ತು."

ಎರಡು ಕಂಬಗಳ ನಡುವೆ, ಪಾಚಿ ಸುತ್ತಿಕೊಂಡು, ಡಬ್ಬಿ ಸಿಕ್ಕಿಬಿದ್ದಿತ್ತು. ಅಕ್ಕ ಅದನ್ನು ಎದೆಗೆ ಅವಚಿಕೊಂಡು ಗಳಗಳ ಅತ್ತಳು. ಮನೆಯೊಡತಿಯೂ ಅತ್ತಳು. ನಾನೂ ಅತ್ತೆನೆಂದು ಅಕ್ಕ ಹೇಳುತ್ತಾಳೆ, ಅದು ಗಾಳಿಗೆ ಬಂದ ಕಣ್ಣೀರು. ಆಮೇಲೆ ಅಕ್ಕ ಕಣ್ಣೊರೆಸಿ, ಎಡಗೈಯಿಂದ ಬಡಿದು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಮೆತ್ತಗಾಗಿಲ್ಲ!"

೫. ಹಿರೇಬೆಂಡಿಗೇರಿ

ಡಬ್ಬಿ ಖಾಲಿ ಬರಲಿಲ್ಲ. ಮನೆಯೊಡತಿ ಅದರ ತುಂಬ ಆ ದಂಡೆಯ ಬೂದುಬಣ್ಣದ ಹರಳುಪ್ಪು ತುಂಬಿಕೊಟ್ಟಿದ್ದಳು. ಅಕ್ಕ ಅತ್ತಿಯ ಮುಂದೆ ಇಟ್ಟು, ಬಯ್ಯಿಸಿಕೊಳ್ಳಲು ತಯಾರಾಗಿ, ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಅತ್ತಿ ಉಪ್ಪನ್ನು ಮೊರಕ್ಕೆ ಸುರುವಿದಳು. ಡಬ್ಬಿ ತಲೆಕೆಳಗು ಮಾಡಿ, ತಳದ ಹೆಸರಿನ ಮೇಲೆ ಬೆರಳಾಡಿಸಿದಳು. ಹೊಸದಾಗಿ ಬಿದ್ದ ನೆಗ್ಗಿನ ಮೇಲೂ ಆಡಿಸಿದಳು.

"ಎಷ್ಟೊತ್ತಿಗೆ ಕೊಡ್ತು ಸಮುದ್ರ?"

"ಆರು ತಾಸಿಗೆ, ಅತ್ತೀ."

ಮುದುಕಿ ನಕ್ಕಳು. ಅಕ್ಕನ ಹೆಗಲು ಕೆಳಗಿಳಿದವು. ನನಗೂ ಉಸಿರು ಬಂತು. ಅಷ್ಟರಲ್ಲಿ ಮುದುಕಿ ನನ್ನ ಕಡೆ ತಿರುಗಿದಳು.

"ಕೇಳಿದೇನವಾ ಸಣ್ಣಾಕಿ? ಗುರುತಿಲ್ಲ, ಪರಿಚಯಿಲ್ಲ, ಆ ಸಮುದ್ರ ಆರು ತಾಸಿಗೆ ಡಬ್ಬಿ ವಾಪಸ್ ಕೊಡ್ತು. ನೀ ಇದರ ಜೋಡಿ ಡಬ್ಬಿಯೊಳಗ ಶೇಂಗಾ ಉಂಡಿ ಒಯ್ದು ಹನ್ನೊಂದು ವರ್ಷಾತು."

ಶಿಗ್ಗಾವಿಗೆ ಬಂದವಳೇ ಕಪಾಟಿನ ಡಬ್ಬಿಯನ್ನು ತಲೆಕೆಳಗು ಮಾಡಿದೆ. ಟಿಕೀಟು, ನಕಾಶೆ, ಎರಡು ಕೀಲಿಕೈ ಎಲ್ಲ ಉದುರಿದವು. ತಳದಲ್ಲಿ ಅತ್ತಿಯ ಹೆಸರು ಹೊಚ್ಚಹೊಸದರಂತೆ ಹೊಳೆಯುತ್ತಿತ್ತು.